ನೀಲಿ ಹೆಲ್ಮೆಟ್‌ನವರು ಜನರನ್ನು ಕಾಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನೀಲಿ ಹೆಲ್ಮೆಟ್ ಹಾಕುವ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ನಮ್ಮ ಯೋಧರಿಗೆ ಪದಕ ಬಂದಾಗ, ಇಲ್ಲವೇ ಯಾರಾದರೂ ಸತ್ತಾಗ. ನಡುವಿನ ದಿನಗಳಲ್ಲಿ ಅವರು ಬೆಳಗ್ಗೆ ಎದ್ದು ಏನು ಮಾಡುತ್ತಾರೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದರೆ ಜನರ ಜೀವ ಉಳಿಯುವುದೂ ಹೋಗುವುದೂ ಆ ದಿನಗಳಲ್ಲೇ. ಅದನ್ನೇ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ದಕ್ಷಿಣ ಸುಡಾನ್‌ನವು. ಭಾರತದ ಬೆಟಾಲಿಯನ್‌ಗಳು ಅಲ್ಲಿ ಮೊದಲಿನಿಂದಲೂ ಇವೆ. ಈ ಕೆಲಸದ ಒಳ್ಳೆಯ ಮುಖ, ಕೆಟ್ಟ ಮುಖ ಎರಡೂ ಅಲ್ಲಿ ಕಾಣುತ್ತವೆ.

ಶಾಂತಿಪಾಲನೆ ಅಂದರೆ ಜಗಳವಾಡುವ ಎರಡು ಸೈನ್ಯಗಳ ನಡುವೆ ನಿಲ್ಲುವುದಲ್ವಾ?

ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1964ರಲ್ಲಿ ಸೈಪ್ರಸ್‌ಗೆ ಹೋಗಿದ್ದು ಅಂಥ ಕೆಲಸಕ್ಕೆ. ಗ್ರೀಕರು ಮತ್ತು ತುರ್ಕರ ನಡುವೆ ಮತ್ತೆ ಹೊಡೆದಾಟ ಆಗದಂತೆ ನೋಡಿಕೊಳ್ಳುವ ಪಡೆಗೆ ಅವರು ಮುಖ್ಯಸ್ಥರಾಗಿದ್ದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಮುಂದೆ 1994ರಲ್ಲಿ ರುವಾಂಡಾದಲ್ಲಿ, 1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ವಿಶ್ವಸಂಸ್ಥೆಯ ಸೈನಿಕರು ಇದ್ದಾಗಲೇ ಜನರನ್ನು ಕೊಂದು ಹಾಕಿದರು. ಸೈನಿಕರ ಸಂಖ್ಯೆ ಕಡಿಮೆ ಇತ್ತು. ಜನರನ್ನು ಕಾಯಲು ಸ್ಪಷ್ಟ ಅಧಿಕಾರವಾಗಲಿ, ಹಿಂದಿನಿಂದ ಬೆಂಬಲವಾಗಲಿ ಅವರಿಗೆ ಸಿಗಲಿಲ್ಲ. ಆ ಅವಮಾನದಿಂದ ಪಾಠ ಕಲಿತ ಮೇಲೆ, 1999ರ ಅಕ್ಟೋಬರ್‌ನಲ್ಲಿ ಸಿಯೆರಾ ಲಿಯೋನ್‌ಗೆ ಪಡೆ ಕಳಿಸುವಾಗ ಭದ್ರತಾ ಮಂಡಳಿ ಮೊದಲ ಸಲ ಜನಸಾಮಾನ್ಯರನ್ನು ಕಾಪಾಡುವ ಕೆಲಸವನ್ನು ಆದೇಶದಲ್ಲೇ ಬರೆಯಿತು. ಅದು 1270ನೇ ನಿರ್ಣಯ. ಆಮೇಲೆ ಹೊರಟ ದೊಡ್ಡ ಪಡೆಗಳಿಗೆಲ್ಲ ಹೆಚ್ಚುಕಡಿಮೆ ಈ ಹೊಣೆ ಇದೆ.

ದಕ್ಷಿಣ ಸುಡಾನ್‌ನಲ್ಲಿ ಗೇಟು ತೆರೆದ ಕಥೆ ಕೇಳಿದ್ದೇವೆ. ಏನದು?

ದಕ್ಷಿಣ ಸುಡಾನ್ ಸ್ವತಂತ್ರವಾಗಿದ್ದು 2011ರ ಜುಲೈ 9ರಂದು. ಎರಡೂವರೆ ವರ್ಷ ಆಗುವಷ್ಟರಲ್ಲಿ, 2013ರ ಡಿಸೆಂಬರ್ 15ರ ರಾತ್ರಿ, ರಾಜಧಾನಿ ಜೂಬಾದಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಕಡೆಯವರಿಗೂ ಮಾಜಿ ಉಪಾಧ್ಯಕ್ಷ ರಿಯೆಕ್ ಮಚಾರ್ ಕಡೆಯವರಿಗೂ ಗುಂಡಿನ ಕಾಳಗ ಶುರುವಾಯಿತು. ಬೆಳಗಾಗುವ ಹೊತ್ತಿಗೆ ಮನೆ ಮನೆ ಹುಡುಕಿ, ಯಾವ ಬುಡಕಟ್ಟು ಎಂದು ಕೇಳಿ ಕೊಲ್ಲುತ್ತಿದ್ದರು. ಜನ ಚಾಪೆ, ಪಾತ್ರೆ, ಮಕ್ಕಳನ್ನು ಎತ್ತಿಕೊಂಡು ವಿಶ್ವಸಂಸ್ಥೆಯ ನೆಲೆಗಳ ಗೇಟಿಗೆ ಬಂದರು.

ಆ ನೆಲೆಗಳಲ್ಲಿ ಇದ್ದದ್ದು ಕಚೇರಿ, ಗೋದಾಮು, ವಾಹನ ನಿಲ್ಲಿಸುವ ಜಾಗ. ಸಾವಿರಾರು ಜನಕ್ಕೆ ನೀರಿಲ್ಲ, ಶೌಚಾಲಯವಿಲ್ಲ. ಆದರೂ ಗೇಟು ತೆರೆದರು. ಆಗ ಅಲ್ಲಿ ವಿಶ್ವಸಂಸ್ಥೆಯ ಮುಖ್ಯಸ್ಥೆ ನಾರ್ವೆಯ ಹಿಲ್ಡೆ ಜಾನ್ಸನ್. ಒಳಗೆ ಬರುವವರು ಆಯುಧ ಬಿಟ್ಟು ಬರಬೇಕು, ಅದೊಂದೇ ಷರತ್ತು. ಜೂಬಾ, ಬೋರ್, ಮಲಕಾಲ್, ಬೆಂಟಿಯು, ಆಮೇಲೆ ವಾವ್, ಹೀಗೆ ಶಿಬಿರಗಳು ಬೆಳೆದವು. ಒಂದು ಹಂತದಲ್ಲಿ ಒಟ್ಟು 2 ಲಕ್ಷಕ್ಕೂ ಹೆಚ್ಚು ಜನ ಅವುಗಳಲ್ಲಿದ್ದರು. ಬೆಂಟಿಯು ಒಂದರಲ್ಲೇ 1 ಲಕ್ಷ ದಾಟಿತ್ತು.

ಆ ಗೇಟು ಮುಚ್ಚಿಕೊಂಡಿದ್ದರೆ ಇನ್ನೊಂದು ರುವಾಂಡಾ ಆಗುತ್ತಿತ್ತು ಎಂದು ನಾನು ನಂಬಿದ್ದೇನೆ. ಶಾಂತಿಪಾಲನೆಯ ಇತಿಹಾಸದಲ್ಲಿ ಇಷ್ಟು ಜೀವ ಉಳಿಸಿದ ತೀರ್ಮಾನಗಳು ಬಹಳ ಕಡಿಮೆ.

ಗೇಟಿನ ಒಳಗೆ ಬಂದವರೆಲ್ಲ ಸುರಕ್ಷಿತವಾಗಿದ್ದರಾ?

ಇಲ್ಲ. 2013ರ ಡಿಸೆಂಬರ್ 19ರಂದು ಆಕೊಬೊ ಎಂಬಲ್ಲಿನ ಸಣ್ಣ ನೆಲೆಗೆ ಶಸ್ತ್ರ ಹಿಡಿದ ದೊಡ್ಡ ಗುಂಪು ನುಗ್ಗಿತು. ಒಳಗೆ ಆಶ್ರಯ ಪಡೆದಿದ್ದ ಡಿಂಕಾ ಬುಡಕಟ್ಟಿನ ಜನರೇ ಅವರ ಗುರಿ. ಅಲ್ಲಿ ಕಾವಲಿಗಿದ್ದವರು ಕೆಲವೇ ಡಜನ್ ಭಾರತೀಯ ಸೈನಿಕರು. ಅವರಲ್ಲಿ ಇಬ್ಬರು ಪ್ರಾಣ ಕೊಟ್ಟರು. ಆಶ್ರಯಕ್ಕೆ ಬಂದವರಲ್ಲೂ ಹಲವರು ಸತ್ತರು.

2014ರ ಏಪ್ರಿಲ್ 17ರಂದು ಬೋರ್ ಶಿಬಿರಕ್ಕೆ ಒಂದು ಗುಂಪು ಮನವಿ ಪತ್ರ ಕೊಡುವ ನೆಪದಲ್ಲಿ ಬಂತು. ಬಂದವರು ಬೇಲಿ ಮುರಿದು ಒಳನುಗ್ಗಿ ಗುಂಡು ಹಾರಿಸಿದರು. 40ಕ್ಕೂ ಹೆಚ್ಚು ಜನ ಸತ್ತರು. ಕಾವಲಿನವರು ತಿರುಗಿ ಗುಂಡು ಹಾರಿಸಿ ಓಡಿಸದಿದ್ದರೆ ಇನ್ನೂ ಎಷ್ಟೋ ಜನ ಹೋಗುತ್ತಿದ್ದರು.

ಗುಂಡು ಬಿಟ್ಟು ಬೇರೆ ಕಷ್ಟಗಳೂ ಇದ್ದವು. 2014ರ ಮಳೆಗಾಲದಲ್ಲಿ ಬೆಂಟಿಯು ಶಿಬಿರದ ತಗ್ಗಿನ ಜಾಗ ಪೂರ್ತಿ ನೀರಾಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಮೊಣಕಾಲುದ್ದ ಕೊಳಕು ನೀರಿನಲ್ಲಿ ನಿಂತೇ ರಾತ್ರಿ ಕಳೆದರು. ಬಂದೂಕಿನಿಂದ ಉಳಿದ ಮಗು ಭೇದಿಯಿಂದ ಸತ್ತರೆ ಅದನ್ನು ಕಾಪಾಡಿದ ಹಾಗಾಯಿತಾ? ಚರಂಡಿ ತೋಡುವುದು, ಮಣ್ಣಿನ ಏರಿ ಕಟ್ಟುವುದು ಕೂಡ ಸೈನಿಕರ ಕೆಲಸವಾಗಿದ್ದು ಇದಕ್ಕೇ.

ಶಿಬಿರದ ಒಳಗೆ ಜಗಳ, ಕಳ್ಳತನ ಆದರೆ ಯಾರು ನೋಡುತ್ತಾರೆ?

ವಿಶ್ವಸಂಸ್ಥೆಯ ಪೊಲೀಸರು. ಬೇರೆ ಬೇರೆ ದೇಶದಿಂದ ಬಂದವರು. ಅವರು ಗುಡಿಸಲುಗಳ ನಡುವೆ ಓಡಾಡುತ್ತಾರೆ, ಬಚ್ಚಿಟ್ಟ ಆಯುಧಗಳಿಗಾಗಿ ತಪಾಸಣೆ ಮಾಡುತ್ತಾರೆ. ಸಣ್ಣಪುಟ್ಟ ತಂಟೆಗಳನ್ನು ಜನರ ಹಿರಿಯರೇ ಕೂತು ಬಗೆಹರಿಸುತ್ತಾರೆ. ಶಿಬಿರದವರದೇ ಕಾವಲು ತಂಡಗಳೂ ಇರುತ್ತವೆ.

ಮಾಮೂಲಿ ದಿನದ ಗಸ್ತು ಹೇಗಿರುತ್ತದೆ?

ಸೌದೆಯಿಂದ ಶುರು ಮಾಡೋಣ. ಶಿಬಿರದಲ್ಲಿ ಜೋಳ, ಬೇಳೆ, ಎಣ್ಣೆ ಕೊಡುತ್ತಾರೆ. ಆದರೆ ಬೇಯಿಸಲು ಉರುವಲು ಬೇಕಲ್ಲ. ಹೆಂಗಸರು ಗೇಟು ದಾಟಿ ಕಾಡಿಗೆ ಹೋಗಲೇಬೇಕು. ಗಂಡಸರು ಹೋದರೆ ಕೊಲ್ಲುತ್ತಾರೆ, ಹೆಂಗಸರು ಹೋದರೆ ಅತ್ಯಾಚಾರ ಮಾಡುತ್ತಾರೆ. ಮನೆಯಲ್ಲಿ ಯಾರು ಹೋಗಬೇಕು ಎಂದು ಈ ಲೆಕ್ಕ ಹಾಕಿ ತೀರ್ಮಾನಿಸಬೇಕಾದ ಸ್ಥಿತಿ ಯಾವ ತಾಯಿಗೂ ಬರಬಾರದು.

ಗಸ್ತಿನವರು ಮಾಡುವುದಿಷ್ಟು. ವಾರದ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಹೆಂಗಸರನ್ನೇ ಕೇಳುತ್ತಾರೆ. ಬೆಳಗ್ಗೆ ಅದೇ ಹೊತ್ತಿಗೆ ಒಂದು ಶಸ್ತ್ರಸಜ್ಜಿತ ವಾಹನ ಮುಂದೆ, ಒಂದು ಹಿಂದೆ. ಕೆಲವು ಸೈನಿಕರು ಇಳಿದು ಅವರ ಜೊತೆ ನಡೆಯುತ್ತಾರೆ. ಅವರು ಮರ ಕಡಿಯುವಾಗ ಸುತ್ತ ನಿಲ್ಲುತ್ತಾರೆ. ಹೊರೆ ಹೊತ್ತು ಎಲ್ಲರೂ ತಿರುಗಿ ಬಂದರಾ ಎಂದು ಎಣಿಸುತ್ತಾರೆ. ನೋಡುವವರಿಗೆ ಇದು ಸುಮ್ನೆ ನಡೆದಾಟ. ಆ ಹೆಂಗಸರಿಗೆ ಅದೇ ದೊಡ್ಡದು.

ಇದರಲ್ಲಿ ಸಮಯವೇ ಮುಖ್ಯ. ಹೆಂಗಸರು ಬಿಸಿಲೇರುವ ಮೊದಲು ಆರು ಗಂಟೆಗೆ ಹೊರಟು, ಗಸ್ತು ಒಂಬತ್ತಕ್ಕೆ ಬಂದರೆ ಪ್ರಯೋಜನವಿಲ್ಲ. ಕಾಗದದ ಮೇಲೆ ಗಸ್ತು ಆಯಿತು ಎಂದು ಬರೆಯಬಹುದು, ಅಷ್ಟೇ.

2018ರ ನವೆಂಬರ್ ಕೊನೆಯಲ್ಲಿ ಬೆಂಟಿಯು ಹತ್ತಿರ ಹೀಗೇ ಒಂದು ಘೋರ ನಡೆಯಿತು. ಪಡಿತರ ಕೊಡುವ ಜಾಗಕ್ಕೆ ನಡೆದು ಹೋಗುತ್ತಿದ್ದ ಹೆಂಗಸರ ಮೇಲೆ ದಾರಿಯಲ್ಲಿ ದಾಳಿ ಆಯಿತು. ಹತ್ತೇ ದಿನದಲ್ಲಿ 125 ಹೆಂಗಸರು ಮತ್ತು ಹುಡುಗಿಯರು ಅತ್ಯಾಚಾರ, ಹಿಂಸೆಗೆ ಒಳಗಾಗಿ ಚಿಕಿತ್ಸೆಗೆ ಬಂದರು ಎಂದು ಗಡಿಯಿಲ್ಲದ ವೈದ್ಯರ ಸಂಸ್ಥೆ ಹೇಳಿತು. ಆಮೇಲೆ ಗಸ್ತು ಹೆಚ್ಚಿಸಿದರು. ದಾಳಿಕೋರರು ಅಡಗುತ್ತಿದ್ದ ರಸ್ತೆ ಪಕ್ಕದ ಪೊದೆಗಳನ್ನೂ ಕಡಿಸಿದರು. ಪೊದೆ ಕಡಿಸುವಂಥ ಸಣ್ಣ ಕೆಲಸವೂ ರಕ್ಷಣೆಯೇ. ಅದು ಮೊದಲೇ ಆಗಬೇಕಿತ್ತು ಅನ್ನುವುದೇ ಸಂಕಟ.

ಅಲ್ಲಿನ ಭಾಷೆ ಬಾರದ ಸೈನಿಕರು ಜನರ ಜೊತೆ ಮಾತಾಡುವುದು ಹೇಗೆ?

ಬಹಳ ಒಳ್ಳೆಯ ಪ್ರಶ್ನೆ. ಪಕ್ಕದ ಕಾಂಗೋದಲ್ಲಿ 2008ರ ನವೆಂಬರ್‌ನಲ್ಲಿ ಕಿವಾಂಜಾ ಎಂಬ ಊರಿನಲ್ಲಿ ಒಂದೆರಡು ದಿನದಲ್ಲಿ ಸುಮಾರು 150 ಜನರನ್ನು ಕೊಂದರು. ಎರಡು ಕಿಲೋಮೀಟರ್‌ಗಿಂತ ಕಡಿಮೆ ದೂರದಲ್ಲೇ ಶಾಂತಿಪಾಲಕರ ನೆಲೆ ಇತ್ತು. ಅಲ್ಲಿದ್ದವರು ಭಾರತೀಯ ಸೈನಿಕರು. ಊರೊಳಗೆ ಏನಾಗುತ್ತಿದೆ ಎಂಬ ಖಚಿತ ಮಾಹಿತಿ ಇರಲಿಲ್ಲ, ದುಭಾಷಿಗಳ ಕೊರತೆ ಇತ್ತು. ನಮ್ಮವರ ಶೌರ್ಯವನ್ನು ಹೇಳುವಾಗ ಇದನ್ನೂ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಅಂಥ ಅನುಭವಗಳಿಂದ ಕಾಂಗೋದಲ್ಲಿ ಒಂದು ಹೊಸ ಹುದ್ದೆ ಹುಟ್ಟಿತು. ಸ್ಥಳೀಯ ಭಾಷೆ ಬಲ್ಲ ಅಲ್ಲಿಯವರನ್ನೇ ಸಮುದಾಯ ಸಂಪರ್ಕ ಸಹಾಯಕರಾಗಿ ನೇಮಿಸಿ ಒಂದೊಂದು ನೆಲೆಯಲ್ಲಿ ಸೈನಿಕರ ಜೊತೆ ಇರಿಸಿದರು. ಅವರು ಬರೀ ಅನುವಾದ ಮಾಡುವವರಲ್ಲ. ಸಂತೆಯಲ್ಲಿ, ಚರ್ಚಿನಲ್ಲಿ, ಬಾವಿ ಹತ್ತಿರ ಜನ ಏನು ಮಾತಾಡುತ್ತಿದ್ದಾರೆ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಹಳ್ಳಿಗಳಲ್ಲಿ ನಂಬಿಕಸ್ತರಿಗೆ ಫೋನ್ ಕೊಟ್ಟು, ಅಪಾಯ ಕಂಡ ತಕ್ಷಣ ಕರೆ ಮಾಡುವ ವ್ಯವಸ್ಥೆಯೂ ಅಲ್ಲಿ ಬಂತು.

ದಾಳಿ ಆಗುವ ಮೊದಲು ಸಾಮಾನ್ಯವಾಗಿ ಏನಾದರೂ ಸುಳಿವು ಸಿಗುತ್ತದೆ. ಸಂತೆ ದಿನ ಸಂತೆಯೇ ಕೂಡುವುದಿಲ್ಲ. ಪಕ್ಕದೂರಿನ ವ್ಯಾಪಾರಿ ಬರುವುದು ನಿಲ್ಲಿಸುತ್ತಾನೆ. ದನಗಾಹಿಗಳು ದನಗಳನ್ನು ದಿಢೀರನೆ ಬೇರೆ ಕಡೆಗೆ ಹೊಡೆಯುತ್ತಾರೆ. ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಇದನ್ನೆಲ್ಲ ಓದಲು ಬರುವವರು ಸ್ಥಳೀಯರು ಮಾತ್ರ.

ಒಂದು ಎಚ್ಚರಿಕೆ ಬೇಕು. ಸೈನಿಕರಿಗೆ ಸುದ್ದಿ ಕೊಟ್ಟವರು ಯಾರು ಎಂದು ಗೊತ್ತಾದರೆ ಅವರ ಜೀವಕ್ಕೇ ಕುತ್ತು. ಹಾಗಾಗಿ ಗಸ್ತಿನವರು ಊರಿಗೆ ಬಂದು ಒಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಬಾರದು. ಹತ್ತು ಜನರ ಜೊತೆ ಮಾತಾಡಬೇಕು. ಯಾರು ಏನು ಹೇಳಿದರು ಎಂದು ಹೊರಗೆ ಬಿಡಬಾರದು.

ಅಷ್ಟೊಂದು ಸೈನಿಕರಿದ್ದರೂ ದೂರದ ಹಳ್ಳಿಗೆ ಯಾಕೆ ಬೇಗ ಹೋಗಲಾಗುವುದಿಲ್ಲ?

ದಕ್ಷಿಣ ಸುಡಾನ್ ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಭದ್ರತಾ ಮಂಡಳಿ ಒಪ್ಪಿದ್ದು ಹೆಚ್ಚೆಂದರೆ 17,000 ಸೈನಿಕರು. ಅವರಲ್ಲೂ ಅಡುಗೆ, ಆಸ್ಪತ್ರೆ, ಎಂಜಿನಿಯರಿಂಗ್, ನೆಲೆಯ ಕಾವಲು ಎಂದು ಕಳೆದರೆ ಗಸ್ತಿಗೆ ಉಳಿಯುವವರು ಕಡಿಮೆ.

ಇನ್ನು ಮಣ್ಣು. ಗದಗ, ವಿಜಯಪುರ ಕಡೆಯವರಿಗೆ ಎರೆಮಣ್ಣಿನ ಬಗ್ಗೆ ಹೇಳಬೇಕಿಲ್ಲ. ದಕ್ಷಿಣ ಸುಡಾನ್‌ನ ಜೊಂಗ್ಲೆ, ಅಪ್ಪರ್ ನೈಲ್ ಭಾಗದ್ದೂ ಅಂಥದೇ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕಲ್ಲು, ಮಳೆ ಬಿದ್ದರೆ ಅಂಟು. ಹತ್ತಾರು ಟನ್ ತೂಕದ ಶಸ್ತ್ರಸಜ್ಜಿತ ವಾಹನ ಅದರಲ್ಲಿ ಹೂತರೆ, ಎಳೆಯಲು ಬಂದ ವಾಹನವೂ ಪಕ್ಕದಲ್ಲೇ ಹೂತುಕೊಳ್ಳುತ್ತದೆ. ಮೇ ಹೊತ್ತಿನಿಂದ ನವೆಂಬರ್‌ವರೆಗೆ ಎಷ್ಟೋ ದಾರಿಗಳು ಬಂದ್. ಆಗ ಉಳಿಯುವುದು ಹೆಲಿಕಾಪ್ಟರ್, ದೋಣಿ.

ಹೆಲಿಕಾಪ್ಟರ್ ಕೂಡ ಮನಸ್ಸು ಬಂದಾಗ ಹಾರುವುದಿಲ್ಲ. ನಿಮ್ಮ ಮೇಲೆ ಗುಂಡು ಹಾರಿಸುವುದಿಲ್ಲ ಎಂದು ಅಲ್ಲಿನ ಸರ್ಕಾರ, ಸೇನೆ ಮೊದಲು ಭರವಸೆ ಕೊಡಬೇಕು. 2012ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಒಂದನ್ನು ಅಲ್ಲಿನ ಸೇನೆಯೇ ಹೊಡೆದುರುಳಿಸಿತು. ರಷ್ಯಾದ ನಾಲ್ವರು ಸಿಬ್ಬಂದಿ ಸತ್ತರು. ಹಾಗಾಗಿ ಆ ಭರವಸೆಯನ್ನು ಬರೀ ಕಾಗದ ಎಂದು ತಳ್ಳಿಹಾಕಲಾಗದು. ಆದರೆ ಜನ ಸಾಯುತ್ತಿರುವ ಊರಿಗೆ ಹೋಗಬೇಕಾದಾಗಲೇ ಅನುಮತಿ ಸಿಗದೆ ಹೋಗುವುದೂ ಉಂಟು.

ಇದಕ್ಕೆ ಕಂಡುಕೊಂಡ ದಾರಿ ಎಂದರೆ ತಾತ್ಕಾಲಿಕ ನೆಲೆ. ಗಲಾಟೆ ಆಗಬಹುದು ಅನ್ನಿಸಿದ ಊರಿನ ಪಕ್ಕದಲ್ಲಿ ಒಂದು ತುಕಡಿ ಡೇರೆ ಹಾಕಿ ವಾರಗಟ್ಟಲೆ ಕೂರುತ್ತದೆ. ದಾಳಿ ಆದ ಮೇಲೆ ನೂರು ಸೈನಿಕರು ಬರುವುದಕ್ಕಿಂತ ಮೊದಲೇ ಮೂವತ್ತು ಜನ ಅಲ್ಲಿ ಇರುವುದು ಮೇಲು.

ದನಗಳಿಗೂ ಶಾಂತಿಪಾಲನೆಗೂ ಏನು ಸಂಬಂಧ?

ಬಹಳ ಇದೆ. ಅಲ್ಲಿನ ಡಿಂಕಾ, ನುವೆರ್, ಮುರ್ಲೆ ಜನರಿಗೆ ದನವೇ ಆಸ್ತಿ. ಮದುವೆಗೆ ವಧುದಕ್ಷಿಣೆ ದನಗಳಲ್ಲೇ ಕೊಡಬೇಕು. ಕೊಲೆಗೆ ಪರಿಹಾರವೂ ದನಗಳೇ. ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋದರೆ ಸೇಡಿಗೆ ಊರೇ ಸುಡುತ್ತದೆ. ಕೈಯಲ್ಲಿ ಈಗ ಈಟಿ ಬದಲು ಬಂದೂಕು.

ಹಾಗಾಗಿ ಬೇಸಿಗೆ ಬರುವ ಮೊದಲು ವಿಶ್ವಸಂಸ್ಥೆಯ ನಾಗರಿಕ ವ್ಯವಹಾರಗಳ ಸಿಬ್ಬಂದಿ ದನಗಾಹಿಗಳನ್ನೂ ರೈತರನ್ನೂ ಕೂರಿಸಿ ಮಾತಾಡಿಸುತ್ತಾರೆ. ದನಗಳು ಯಾವ ದಾರಿಯಲ್ಲಿ ಹೋಗಬೇಕು, ಯಾವ ನೀರು ಯಾರಿಗೆ, ಬೆಳೆ ತಿಂದರೆ ದಂಡ ಎಷ್ಟು. ನಮ್ಮ ಕಡೆ ಕುರಿಗಾಹಿಗಳಿಗೂ ಹೊಲದವರಿಗೂ ನಡೆಯುವ ಪಂಚಾಯಿತಿ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಭಾರತೀಯ ಸೇನೆ ಅಲ್ಲಿಗೆ ಪಶುವೈದ್ಯರನ್ನು ಕಳಿಸಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ಅವರು ದನಗಳಿಗೆ ಚಿಕಿತ್ಸೆ ಕೊಡುತ್ತಾರೆ, ಊರಿನ ಯುವಕರಿಗೆ ಆ ಕೆಲಸ ಕಲಿಸುತ್ತಾರೆ. ಬಂದೂಕು ಹಿಡಿದವನ ಜೊತೆ ಮಾತಾಡದ ಹಿರಿಯ, ತನ್ನ ಎತ್ತಿನ ಕಾಲಿನ ಗಾಯಕ್ಕೆ ಔಷಧಿ ಹಚ್ಚಿದವನ ಜೊತೆ ಕೂತು ಮಾತಾಡುತ್ತಾನೆ.

ಜನರನ್ನು ಉಳಿಸಲು ಶಾಂತಿಪಾಲಕರು ಗುಂಡು ಹಾರಿಸಬಹುದಾ?

ಹಾರಿಸಬಹುದು. ವಿಶ್ವಸಂಸ್ಥೆ ಸನ್ನದಿನ ಏಳನೇ ಅಧ್ಯಾಯದ ಅಡಿ ಆದೇಶ ಇದ್ದರೆ, ಜನರ ಮೇಲೆ ದಾಳಿ ಆಗುವ ಹಾಗಿದ್ದಾಗ ಬಲ ಬಳಸುವ ಅಧಿಕಾರ ಇದೆ. ಕೊಲ್ಲುವ ಮಟ್ಟದ ಬಲವೂ ಸೇರಿ. ಮೊದಲು ಕೂಗಿ ಎಚ್ಚರಿಸಬೇಕು, ಗಾಳಿಯಲ್ಲಿ ಗುಂಡು ಹಾರಿಸಬೇಕು ಎಂಬ ಮೆಟ್ಟಿಲುಗಳಿವೆ. ಅದಕ್ಕೆ ಸಮಯ ಇಲ್ಲದಿದ್ದರೆ ನೇರವಾಗಿ ಹಾರಿಸಬಹುದು.

ಅಧಿಕಾರ ಇದ್ದರೂ ಎಷ್ಟೋ ಸಲ ಸುಮ್ಮನೆ ನಿಲ್ಲುತ್ತಾರಲ್ಲ, ಯಾಕೆ?

ವಿಶ್ವಸಂಸ್ಥೆಯದೇ ಒಳ ತಪಾಸಣಾ ಕಚೇರಿ 2014ರಲ್ಲಿ ಈ ಬಗ್ಗೆ ವರದಿ ಕೊಟ್ಟಿತು. 2010ರಿಂದ 2013ರವರೆಗೆ ಜನರ ಮೇಲೆ ದಾಳಿ ಆದ 507 ಪ್ರಕರಣ ನೋಡಿದರು. ತಕ್ಷಣ ಸ್ಪಂದಿಸಿದ್ದು 101ರಲ್ಲಿ ಮಾತ್ರ.

ಮುಖ್ಯ ಕಾರಣ ಎರಡು ಯಜಮಾನರು. ಸೈನಿಕ ವಿಶ್ವಸಂಸ್ಥೆಯ ಕಮಾಂಡರ್ ಮಾತು ಕೇಳಬೇಕು. ಆದರೆ ಅವನ ಬಡ್ತಿ, ಸಂಬಳ, ಶಿಕ್ಷೆ ಎಲ್ಲ ಅವನ ದೇಶದ ಕೈಯಲ್ಲಿ. ಅಪಾಯ ಬಂದಾಗ ಎಷ್ಟೋ ಬೆಟಾಲಿಯನ್‌ಗಳು ಮೊದಲು ತಮ್ಮ ರಾಜಧಾನಿಗೆ ಫೋನ್ ಮಾಡುತ್ತವೆ.

2016ರ ಫೆಬ್ರುವರಿಯಲ್ಲಿ ಮಲಕಾಲ್ ಶಿಬಿರದ ಬೇಲಿ ಕತ್ತರಿಸಿ ದಾಳಿಕೋರರು ಒಳಗೆ ಬಂದರು. ಕನಿಷ್ಠ 25 ಜನ ಸತ್ತರು, ಗುಡಿಸಲುಗಳು ಸಾಲಾಗಿ ಸುಟ್ಟವು. ಆ ಗಳಿಗೆಯಲ್ಲಿ ಬಲ ಬಳಸಲು ಲಿಖಿತ ಅನುಮತಿ ಬೇಕು ಎಂದು ಕೇಳಿದ ತುಕಡಿಯೂ ಇತ್ತು ಎಂದು ಆಮೇಲಿನ ತನಿಖೆ ಹೇಳಿತು. ಮನೆ ಹೊತ್ತಿ ಉರಿಯುವಾಗ ಕಾಗದ ಕೇಳುವುದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಅದೇ ವರ್ಷ ಜುಲೈನಲ್ಲಿ ಜೂಬಾದಲ್ಲಿ ಮತ್ತೆ ಕಾಳಗ. ವಿಶ್ವಸಂಸ್ಥೆಯ ನೆಲೆಯಿಂದ ಒಂದು ಕಿಲೋಮೀಟರ್ ಚಿಲ್ಲರೆ ದೂರದ ಟೆರೇನ್ ಹೋಟೆಲಿಗೆ ಸರ್ಕಾರಿ ಸೈನಿಕರು ನುಗ್ಗಿದರು. ಒಳಗಿದ್ದವರು ಸಹಾಯಕ್ಕೆ ಮೊರೆಯಿಟ್ಟರು. ಯಾರೂ ಬರಲಿಲ್ಲ. ನಿವೃತ್ತ ಮೇಜರ್ ಜನರಲ್ ಪ್ಯಾಟ್ರಿಕ್ ಕ್ಯಾಮರ್ಟ್ ನೇತೃತ್ವದ ತನಿಖೆ ಮುಗಿದ ಮೇಲೆ, ಪಡೆಯ ಕಮಾಂಡರ್ ಆಗಿದ್ದ ಕೀನ್ಯಾದ ಜನರಲ್‌ರನ್ನು ತೆಗೆದುಹಾಕಲಾಯಿತು. ಕೀನ್ಯಾ ಸಿಟ್ಟಿಗೆದ್ದು ತನ್ನ ಸೈನಿಕರನ್ನೇ ವಾಪಸ್ ಕರೆಸಿಕೊಂಡಿತು.

ಆ ದೇಶದ ಸೇನೆಯೇ ಜನರನ್ನು ಹೊಡೆದರೆ?

ಇದೇ ಎಲ್ಲಕ್ಕಿಂತ ಇಕ್ಕಟ್ಟಿನ ಪರಿಸ್ಥಿತಿ. ಹಿಂಸೆ ಯಾರ ಕಡೆಯಿಂದ ಬಂದರೂ ಕಾಪಾಡಿ ಎಂದು ಆದೇಶ ಹೇಳುತ್ತದೆ. ಆದರೆ ಪಡೆ ಅಲ್ಲಿ ಇರುವುದೇ ಆ ಸರ್ಕಾರದ ಒಪ್ಪಿಗೆಯಿಂದ. ಚೆಕ್‌ಪೋಸ್ಟ್‌ನಲ್ಲಿ ಗಸ್ತು ತಡೆದರೆ, ಗಂಟೆಗಟ್ಟಲೆ ಮಾತಾಡಿ ದಾಟುವುದೋ, ತಿರುಗಿ ಬರುವುದೋ ಎಂದು ಕ್ಯಾಪ್ಟನ್ ಒಬ್ಬ ಅಲ್ಲೇ ತೀರ್ಮಾನಿಸಬೇಕು. ದಾಟದೆ ಕೂತರೂ ಪರವಾಗಿಲ್ಲ, ತಿರುಗಿ ಬರಬಾರದು ಎನ್ನುವುದು ನನ್ನ ಅಭಿಪ್ರಾಯ. ಒಮ್ಮೆ ತಿರುಗಿದರೆ ಮರುದಿನವೂ ತಡೆಯುತ್ತಾರೆ.

ಸೈನಿಕರಲ್ಲದೆ ಬೇರೆ ಯಾರಿರುತ್ತಾರೆ?

ಮಾನವ ಹಕ್ಕುಗಳ ಅಧಿಕಾರಿಗಳು ಸಾಕ್ಷಿ ದಾಖಲಿಸುತ್ತಾರೆ. ನೆಲಬಾಂಬ್ ತೆಗೆಯುವವರು ಇದ್ದಾರೆ. ನ್ಯಾಯಾಧೀಶರನ್ನು ದೂರದ ಊರಿಗೆ ಹಾರಿಸಿಕೊಂಡು ಹೋಗಿ ಸಂಚಾರಿ ನ್ಯಾಯಾಲಯ ನಡೆಸಲು ನೆರವಾಗುತ್ತಾರೆ. ರೇಡಿಯೋ ಮಿರಾಯಾ ಎಂಬ ವಿಶ್ವಸಂಸ್ಥೆಯ ಬಾನುಲಿ ಇದೆ. ವದಂತಿಯಿಂದಲೇ ಕೊಲೆ ಆಗುವ ಜಾಗದಲ್ಲಿ ಸರಿಯಾದ ಸುದ್ದಿ ದೊಡ್ಡ ಆಸರೆ.

ಮಹಿಳಾ ಸಿಬ್ಬಂದಿಯಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ತನ್ನ ಮೇಲೆ ಆದ ಅತ್ಯಾಚಾರವನ್ನು ಹೆಂಗಸು ಹೆಲ್ಮೆಟ್ ಹಾಕಿದ ಗಂಡಸರ ಗುಂಪಿನ ಮುಂದೆ ಹೇಳುವುದಿಲ್ಲ. ಭಾರತ 2007ರಲ್ಲಿ ಲೈಬೀರಿಯಾಕ್ಕೆ ಪೂರ್ತಿ ಮಹಿಳೆಯರದೇ ಪೊಲೀಸ್ ತುಕಡಿ ಕಳಿಸಿತು. ಜಗತ್ತಿನಲ್ಲಿ ಅದೇ ಮೊದಲು. ದಕ್ಷಿಣ ಸುಡಾನ್‌ನಲ್ಲಿ ಕೆಲಸ ಮಾಡಿದ ಮೇಜರ್ ಸುಮನ್ ಗವಾನಿ, ಲೈಂಗಿಕ ಹಿಂಸೆ ಗುರುತಿಸಿ ತಡೆಯುವ ಬಗ್ಗೆ 230ಕ್ಕೂ ಹೆಚ್ಚು ಮಿಲಿಟರಿ ವೀಕ್ಷಕರಿಗೆ ತರಬೇತಿ ಕೊಟ್ಟರು. ಅವರಿಗೆ 2019ರ ವಿಶ್ವಸಂಸ್ಥೆ ಪ್ರಶಸ್ತಿ ಬಂತು.

ಶಾಂತಿಪಾಲಕರೇ ತಪ್ಪು ಮಾಡಿದರೆ?

ಮಾಡಿದ್ದಾರೆ. ಹಲವು ದೇಶಗಳ ಸಿಬ್ಬಂದಿ ಮೇಲೆ ಲೈಂಗಿಕ ಶೋಷಣೆಯ ಆರೋಪ ಬಂದಿದೆ, ಸಾಬೀತೂ ಆಗಿದೆ. ವಿಶ್ವಸಂಸ್ಥೆ ಅವರನ್ನು ವಾಪಸ್ ಕಳಿಸಬಹುದು. ಸೈನಿಕನಿಗೆ ಶಿಕ್ಷೆ ಕೊಡುವ ಅಧಿಕಾರ ಅವನ ದೇಶಕ್ಕೆ ಮಾತ್ರ ಇದೆ. ಈ ನಿಯಮ ಬದಲಾಗದೆ ನ್ಯಾಯ ಸಿಗುವುದು ಕಷ್ಟ. ಕಾಯಲು ಬಂದವನೇ ಕೈ ಹಾಕಿದರೆ ಆ ಹೆಣ್ಣುಮಗಳು ಇನ್ನು ಯಾರ ಗೇಟಿಗೆ ಹೋಗಬೇಕು?

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ?

ಸದಸ್ಯ ದೇಶಗಳು ಪಾಲು ಹಾಕಿ ಕೊಡುತ್ತವೆ. 2024-25ರಲ್ಲಿ ಎಲ್ಲ ಪಡೆಗಳಿಗೂ ಸೇರಿ ಸುಮಾರು 560 ಕೋಟಿ ಡಾಲರ್. ಕೊಡಬೇಕಾದವರು ಸಮಯಕ್ಕೆ ಕೊಡದ ಕಾರಣ, ಪಡೆಗಳ ಕಾಲುಭಾಗವನ್ನು ಕಡಿಮೆ ಮಾಡುವುದಾಗಿ 2025ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಹೇಳಿತು. ಕಾಲುಭಾಗ ಕಡಿಮೆ ಅಂದರೆ ಕೆಲವು ನೆಲೆ ಮುಚ್ಚುತ್ತವೆ, ಹೆಲಿಕಾಪ್ಟರ್ ಹಾರಾಟ ಕಡಿಮೆಯಾಗುತ್ತದೆ, ಸೌದೆ ದಾರಿಯ ಗಸ್ತೂ ಕಡಿಮೆಯಾಗುತ್ತದೆ.

ಆ ಶಿಬಿರಗಳು ಈಗಲೂ ಇವೆಯಾ?

ಜನ ಇನ್ನೂ ಇದ್ದಾರೆ, ಹೆಸರು ಬದಲಾಗಿದೆ. 2020ರಿಂದ ಒಂದೊಂದಾಗಿ ಬೋರ್, ವಾವ್, ಜೂಬಾ, ಆಮೇಲೆ 2021ರಲ್ಲಿ ಬೆಂಟಿಯು ಶಿಬಿರದ ಕಾವಲನ್ನು ಅಲ್ಲಿನ ಸರ್ಕಾರದ ಪೊಲೀಸರಿಗೆ ಒಪ್ಪಿಸಿದರು. ಹೀಗೆ ಬಿಡುಗಡೆಯಾದ ಸೈನಿಕರನ್ನು ದೂರದ ಹಳ್ಳಿಗಳ ಗಸ್ತಿಗೆ ಕಳಿಸುವುದು ಉದ್ದೇಶ. ಲೆಕ್ಕ ಸರಿಯೇ. ಆದರೆ ಯಾರ ಸಮವಸ್ತ್ರ ನೋಡಿ 2013ರಲ್ಲಿ ಓಡಿ ಬಂದಿದ್ದರೋ ಅದೇ ಸರ್ಕಾರದ ಸಮವಸ್ತ್ರ ಈಗ ಗೇಟಿನಲ್ಲಿ ನಿಂತರೆ ಜನಕ್ಕೆ ಹೇಗಾಗಬೇಡ? ಹಸ್ತಾಂತರದ ಮೊದಲು ತಿಂಗಳುಗಟ್ಟಲೆ ಹಿರಿಯರ ಜೊತೆ, ಹೆಂಗಸರ ಗುಂಪುಗಳ ಜೊತೆ ಕೂತು ಮಾತಾಡಬೇಕಾಗಿದ್ದು ಅದಕ್ಕೇ. ಮಲಕಾಲ್ ಒಂದನ್ನು ಮಾತ್ರ ಹಾಗೆ ಒಪ್ಪಿಸಲಿಲ್ಲ. ಅಲ್ಲಿ ನೈಲ್ ನದಿ ದಂಡೆಯ ಹತ್ತಿರ, ಗೇಟು ತೆರೆದಾಗ ತಾಯಿಯ ಸೊಂಟದ ಮೇಲೆ ಬಂದ ಕೂಸುಗಳು ಬೇಲಿಯ ಒಳಗೇ ಬೆಳೆದು ದೊಡ್ಡವರಾಗಿದ್ದಾರೆ.